ಲಾರಿ ಮನೆಯ ವೀಳ್ಯ

ಮೀಸೆ ಬಂದು, ಕೆಲಸಕ್ಕೆ ಸೇರಿ, ಮೊನ್ನೆ ಮೊನ್ನೆಯವರೆಗೂ ಕೆಂಪರಾಜು ತನ್ನ ಮುತ್ತಾತ ಅಪ್ಪಯ್ಯಣ್ಣನಿಗೆ ಸ್ವಂತ ಲಾರಿ ಇತ್ತೆಂದೇ ನಂಬಿದ್ದ. ನಂಬದೆ ಇನ್ನೇನು ಮಾಡಬೇಕಿತ್ತು? ಊರಿನಲ್ಲಿ ಅವರ ಮನೆಯನ್ನು ಕರೆಯುವುದೇ ಲಾರಿ ಮನೆ ಎಂದು. ಗಾಣದ ಮನೆಯಲ್ಲಿ ಹಿಂದೆ ಗಾಣ ಇತ್ತು, ಅದರ ಕಲ್ಲು ಹಿತ್ತಲಲ್ಲಿ ಈಗಲೂ ಬಿದ್ದಿದೆ. ಪಟೇಲರ ಮನೆಯಲ್ಲಿ ಪಟೇಲರಿದ್ದರು. ಹಾಗಿದ್ದ ಮೇಲೆ ಲಾರಿ ಮನೆಯಲ್ಲಿ ಲಾರಿ ಇರದೆ ಹೋದೀತೆ? ಚಿಕ್ಕವನಿದ್ದಾಗ ಅಟ್ಟ ಹತ್ತಿ ತಡಕಾಡಿದವನಿಗೆ ದಪ್ಪನೆಯ ರಬ್ಬರಿನ ತುಂಡೊಂದು ಸಿಕ್ಕಿತ್ತು. ಮುತ್ತಾತನ ಲಾರಿಯ ಟೈರು ಎಂದು ಅದನ್ನು ಸ್ಕೂಲಿಗೆ ಹೊತ್ತೊಯ್ದು ಮೆರೆಸಿದ. ಅದು ತಾತನ ಹಳೇ ಟೈರು ಚಪ್ಪಲಿಯ ಅಟ್ಟೆ ಎಂದು ಅವರಮ್ಮ ಎಲ್ಲರೆದುರು ಹೇಳಿಬಿಟ್ಟಾಗ, ಚಪ್ಪಲಿಯಾದರೇನು, ಟೈರು ಟೈರೇ ಅಲ್ಲವೇ ಎಂದು ವಾದಕ್ಕೆ ನಿಂತ. ಲಾರಿ ಈಗೆಲ್ಲಿ ಎಂದು ಯಾರಾದರೂ ಕೇಳಿದರೆ, ಕೆರೆ ಒಡೆದ ವರ್ಷ ಕೊಚ್ಚಿಹೋಯಿತು ಎನ್ನುತ್ತಿದ್ದ. ಹೇಳಿ ಹೇಳಿ ಕೊನೆಗೆ ಲಾರಿ ತೇಲಿಹೋಗುವುದು ಅವನ ಕಣ್ಣಿಗೇ ಕಟ್ಟತೊಡಗಿತ್ತು.

ಈ ಲಾರಿ ಅವನಿಗೆ ಬೇಕಾಗಿತ್ತು. ಯಾಕೆಂದರೆ ಒಂದೇ ಗೋಡೆ ಹಂಚಿಕೊಂಡ ಪಕ್ಕದ ಮನೆಯ ಹೆಸರು ಚಳವಳಿ ಮನೆ. ಅಲ್ಲಿರುವವನು ದಾಯಾದಿ ನವೀನ್‌ಕುಮಾರ್, ಕೆಂಪರಾಜುವಿನ ಓರಗೆಯವನು. ಅವನ ಮುತ್ತಾತ ಕೊಂಡಪ್ಪ ಮೈಸೂರು ಚಲೋ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವನು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಿದ್ದರೂ ಮೈಸೂರು ಸೀಮೆಯಲ್ಲಿ ಇನ್ನೂ ಅರಮನೆಯ ಆಡಳಿತವೇ ನಡೆಯುತ್ತಿದ್ದಾಗ, ಜನ ಆರಿಸಿದ ಸರ್ಕಾರ ಬೇಕೆಂದು ಹಳ್ಳಿಹಳ್ಳಿಯವರು ಎದ್ದು ಬೀದಿಗೆ ಬಂದ ಚಳವಳಿ ಅದು. ಕೊಂಡಪ್ಪ ಜೈಲಿನಿಂದ ಬಂದ ಮೇಲೆ ಊರಿನವರು ಕೂಡಿ ಅವನ ಮನೆಗೆ ಒಂದು ಮರ್ಯಾದೆ ಗೊತ್ತುಮಾಡಿದರು. ಊರಲ್ಲಿ ಯಾರ ಮನೆಯ ನಿಶ್ಚಿತಾರ್ಥವೇ ಆಗಲಿ, ಊರ ಯಜಮಾನರು ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಮನೆಗಳ ಹೆಸರು ಕೂಗಿ ವೀಳ್ಯ ಕೊಡುತ್ತಾರೆ. ಮೊದಲು ದೇವರ ವೀಳ್ಯ, ಆಮೇಲೆ ಗೌಡರದು, ಅದರ ಬೆನ್ನಿಗೇ ಚಳವಳಿ ಮನೆಯದು. ಉಳಿದವರಿಗೆಲ್ಲ ಹೆಸರಿಲ್ಲ, ತಟ್ಟೆ ಸಾಲಾಗಿ ಹೋಗುತ್ತದೆ. ಲಾರಿ ಮನೆಯವರು ಆ ಸಾಲಿನಲ್ಲಿ.

ಎರಡು ಎಲೆ, ಒಂದು ಚೂರು ಅಡಿಕೆ. ಕೆಂಪರಾಜು ಎಲೆ ಅಡಿಕೆ ಹಾಕುವವನೂ ಅಲ್ಲ. ಆದರೂ ಯಜಮಾನರು ‘ಚಳವಳಿ ಮನೇಗೆ ವೀಳ್ಯ’ ಎಂದು ಕೂಗಿದಾಗ ನವೀನ್‌ಕುಮಾರ್ ಗರಿಗರಿ ಅಂಗಿಯಲ್ಲಿ ನಿಧಾನವಾಗಿ ಎದ್ದು, ಬೇಕೆಂದೇ ನಿಧಾನವಾಗಿ, ನಡೆದು ಹೋಗುವುದನ್ನು ನೋಡಿದರೆ ಇವನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು. ನವೀನ್‌ಕುಮಾರ್ ದೇವನಹಳ್ಳಿಯಲ್ಲಿ ಸೈಟು ಮಾರಿಸುವವನು, ಬಿಳಿ ಕಾರಿನವನು. ಕಾರಿಗೆ ಕೆಂಪರಾಜು ಹೊಟ್ಟೆಕಿಚ್ಚು ಪಟ್ಟವನಲ್ಲ. ಸಾಲ ಮಾಡಿದರೆ ಕಾರು ತಾನೂ ತರಬಹುದು. ಆದರೆ ಮುತ್ತಾತನನ್ನು ಎಲ್ಲಿಂದ ತರುವುದು? ಆಗಸ್ಟ್ ಹದಿನೈದಕ್ಕೆ ಸ್ಕೂಲಿನಲ್ಲಿ ಬಾವುಟದ ಹಗ್ಗ ಎಳೆಯುವವನೂ ಅವನೇ. ಬಿಳಿ ಟೋಪಿಯ ಕೊಂಡಪ್ಪನ ಫೋಟೋ ಅವತ್ತು ಅವನ ಸ್ಟೇಟಸ್ಸಿನಲ್ಲಿರುತ್ತಿತ್ತು. ಕೆಂಪರಾಜು ಅದನ್ನು ನೋಡಿ, ಕೈಮುಗಿಯುವ ಚಿಹ್ನೆಯೊಂದನ್ನು ಒತ್ತಿ, ಜೀರಿಗೆ ಕಷಾಯ ಕುಡಿಯುತ್ತಿದ್ದ.

ಕೆಂಪರಾಜುವಿನ ಕೆಲಸ ವಿಮಾನ ನಿಲ್ದಾಣದಲ್ಲಿ. ಹಾಗೆಂದರೆ ಹೆಣ್ಣು ಕೊಡುವವರ ಮುಖ ಅರಳುತ್ತದೆ, ಏನು ಕೆಲಸ ಎಂದು ತಿಳಿದ ಮೇಲೆ ಬಾಡುತ್ತದೆ. ಪ್ರಯಾಣಿಕರು ಎಲ್ಲೆಂದರಲ್ಲಿ ಬಿಟ್ಟುಹೋದ ಸಾಮಾನಿನ ಗಾಡಿಗಳನ್ನು ಒಂದರೊಳಗೊಂದು ಸೇರಿಸಿ, ರೈಲಿನಂತೆ ಉದ್ದಕ್ಕೆ ತಳ್ಳಿಕೊಂಡು ಬರುವುದು. ತಾನೂ ದಿನಾ ಮೆರವಣಿಗೆ ನಡೆಸುವವನೇ, ಆದರೆ ಹಿಂದೆ ಬರುವವರು ಯಾರೂ ಘೋಷಣೆ ಕೂಗುವುದಿಲ್ಲ, ಚಕ್ರ ಕಿರ್ ಎನ್ನುತ್ತದೆ ಅಷ್ಟೇ ಎಂದು ಅವನೇ ನಗುತ್ತಿದ್ದ.

ಹೀಗಿರುವಾಗ ಅವನ ತಂಗಿ ಸಿಂಚನಳ ನಿಶ್ಚಿತಾರ್ಥ ಗೊತ್ತಾಯಿತು. ಎಲೆ ತರಲು ಹೊರಟವನಿಗೆ ಅವರಮ್ಮ ಹೇಳಿದಳು:

“ಲೋ, ಚಳವಳಿ ಮನೆ ವೀಳ್ಯಕ್ಕೆ ಒಳ್ಳೇ ಎಲೆ ಆರಿಸ್ಕೊಂಡು ಬಾ. ಹೋದ ಸಲ ತೂತು ಎಲೆ ಕೊಟ್ರು ಅಂತ ನವೀನ ಊರೆಲ್ಲ ಹೇಳ್ಕೊಂಡ್ ಬಂದ.”

ಅಲ್ಲಿಗೆ ಒಲೆ ಪೂರ್ತಿ ಹೊತ್ತಿತು. ನಮ್ಮ ಮನೆ, ನಮ್ಮ ಚಪ್ಪರ, ನಮ್ಮ ಹುಡುಗಿ; ವೀಳ್ಯ ಮಾತ್ರ ಅವನಿಗೆ, ಅದೂ ಆರಿಸಿದ್ದು! ತಟ್ಟನೆ ಕೆಂಪರಾಜುವಿಗೆ ಒಂದು ಯೋಚನೆ ಹೊಳೆಯಿತು. ಮುತ್ತಾತನಿಗೆ ಲಾರಿ ಇತ್ತು. ಚಳವಳಿಯ ಜನರನ್ನು ಯಾರೋ ಊರಿಂದೂರಿಗೆ ಸಾಗಿಸಿರಲೇಬೇಕು. ಅದು ಅಪ್ಪಯ್ಯಣ್ಣನ ಲಾರಿಯೇ ಯಾಕಾಗಿರಬಾರದು? ಹಾಗೆಂದು ಸಾಬೀತಾದರೆ ನಮ್ಮದೂ ಚಳವಳಿ ಮನೆಯೇ, ನಮಗೂ ಹೆಸರು ಕೂಗಿ ವೀಳ್ಯ ಕೊಡಬೇಕು. ಅಪ್ಪನನ್ನು ಕೇಳಿದ. ಅಪ್ಪ ಟಿವಿಯಿಂದ ಕಣ್ಣು ಕೀಳದೆ, “ಹಳೇದೆಲ್ಲ ಯಾಕೆ ಕೆದಕ್ತೀಯ, ಶಾಮಿಯಾನದೋರಿಗೆ ಫೋನ್ ಮಾಡು” ಎಂದ.

ಹಳೆಯ ಲಾರಿಗಳ ವಿಷಯ ಗೊತ್ತಿರುವವರು ದೇವನಹಳ್ಳಿಯ ಇಸ್ಹಾಕ್ ಸಾಹೇಬರು. ಅವರ ತಂದೆಯ ಕಾಲದಿಂದಲೂ ಲಾರಿಯದೇ ಬದುಕು. ಈಗ ಗ್ಯಾರೇಜು ಮಗ ನೋಡಿಕೊಳ್ಳುತ್ತಾನೆ. ಸಾಹೇಬರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗಿಬರುವ ಗಾಡಿಗಳ ಸದ್ದು ಕೇಳಿ ಕಾಯಿಲೆ ಹೇಳುತ್ತಾರೆ.

“ಚಾಚಾ, ಮೈಸೂರು ಚಲೋ ಟೈಮಲ್ಲಿ ನಮ್ ಮುತ್ತಾತ ಅಪ್ಪಯ್ಯಣ್ಣ ಅಂತ, ಲಾರಿ ಇಟ್ಟಿದ್ರಂತೆ. ನಿಮ್ಗೇನಾದ್ರೂ ಗೊತ್ತಾ?”

“ಲಾರಿನಾ? ಆವಾಗ ಈ ಸುತ್ತಿನಲ್ಲಿ ಲಾರಿ ಅಂತ ಇದ್ದಿದ್ದೇ ನಮ್ ಅಬ್ಬಾಂದು ಒಂದು. ಪೆಟ್ರೋಲ್ ಎಲ್ಲಿತ್ತು? ಇದ್ದಿಲು ಉರಿಸಿ ಓಡಿಸ್ತಿದ್ರು. ಏರು ಬಂದ್ರೆ ಕೂತೋರೆಲ್ಲ ಇಳಿದು ತಳ್ಳಬೇಕು. ಯಾವೂರಪ್ಪಾ ನಿಂದು?”

ಕೆಂಪರಾಜು ಊರು ಹೇಳಿದ. ಸಾಹೇಬರು ಅವನ ಮುಖವನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದವರು ಕೆಮ್ಮು ಹತ್ತಿ, ಮಗ ನೀರು ತಂದುಕೊಡುವವರೆಗೂ ನಿಲ್ಲಿಸಲಿಲ್ಲ.

“ಲಾರಿ ಅಪ್ಪಯ್ಯಣ್ಣ! ಅರೆ ಬೇಟಾ, ನಿಮ್ ತಾತ ಓನರ್ ಅಲ್ಲ. ಲೋಡು!”

ಇಷ್ಟು ವರ್ಷ ತೇಲುತ್ತಿದ್ದ ಲಾರಿ ಆ ಕ್ಷಣದಲ್ಲಿ ನಿಜಕ್ಕೂ ಮುಳುಗಿತು. ಸಾಹೇಬರು ಕಣ್ಣೊರೆಸಿಕೊಂಡು ಬಿಡಿಸಿ ಹೇಳಿದರು.

“ಜೈಲೆಲ್ಲ ತುಂಬ್ಹೋಗಿತ್ತಂತೆ. ಇನ್ನೊಬ್ಬನ್ನ ಹಾಕೋಕೂ ಜಾಗ ಇಲ್ಲ. ಅದಕ್ಕೆ ಪೊಲೀಸ್ನೋರು ಅಬ್ಬಾನ ಲಾರಿ ಹಿಡ್ಕೊಂಡ್ರು. ಘೋಷಣೆ ಕೂಗಿದೋರ್ನ ತುಂಬ್ಕೋ, ದೂರ ಯಾವ್ದಾದ್ರೂ ಕಾಡಲ್ಲಿ ಇಳಿಸು, ವಾಪಸ್ ಬಾ. ನಡ್ಕೊಂಡು ಊರು ಸೇರೋಷ್ಟರಲ್ಲಿ ಕೂಗೋಕೆ ದನೀನೇ ಇರಲ್ಲ ಅಂತ. ಬೇರೆಯೋರೆಲ್ಲ ಹತ್ತಲ್ಲ ಅಂತ ರಸ್ತೇಲಿ ಮಲಗೋರು. ನಿಮ್ ತಾತ ಎರಡನೇ ಸಲ ತಾನೇ ಬಂದು ಹತ್ತಿದ್ನಂತೆ. ‘ಏನ್ ಸಾಬ್ರೇ, ಇವತ್ತಾದ್ರೂ ಜೈಲಿಗೆ ಬಿಡ್ತೀರಾ?’ ಅಂತ ಅಬ್ಬಾನ್ನೇ ಕೇಳಿದ್ನಂತೆ. ಸಾಯೋ ತನಕ ಇದನ್ನ ಹೇಳ್ಕೊಂಡು ನಗೋರು ನಮ್ ಅಬ್ಬಾ.”

ಬಸ್ಸಿನಲ್ಲಿ ಕೂತ ಕೆಂಪರಾಜು ಅರ್ಧ ದಾರಿ ಲಾರಿಗಾಗಿ ದುಃಖಪಟ್ಟ. ಇನ್ನರ್ಧ ದಾರಿಯಲ್ಲಿ ಅವನ ಹೊಟ್ಟೆಕಿಚ್ಚಿಗೆ ಬುದ್ಧಿ ಬಂತು. ಲೋಡಾದರೇನು? ಪೊಲೀಸರು ಹಿಡಿದು ತುಂಬಿದರೆಂದರೆ ಘೋಷಣೆ ಕೂಗಿದ್ದನೆಂದೇ ಅರ್ಥ. ಕೂಗಿದನೆಂದರೆ ಚಳವಳಿಯವನು. ಸಾಕ್ಷಿಗೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ, ಊರೇ ಇಷ್ಟು ವರ್ಷದಿಂದ ಲಾರಿ ಮನೆ, ಲಾರಿ ಮನೆ ಎಂದು ಕೂಗಿಕೊಂಡು ಬಂದಿದೆ.

ಮನೆಯ ಜಗಲಿಯಲ್ಲಿ ಪಾಪಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಅಪ್ಪಯ್ಯಣ್ಣನ ಕಿರಿಯ ಮಗಳು ಅವಳು, ಕೆಂಪರಾಜುವಿನ ತಾತನ ತಂಗಿ. ಮೈಸೂರು ಚಲೋ ಆದಾಗ ದನ ಹೊಡೆಯುವ ವಯಸ್ಸಿನ ಹುಡುಗಿ. ಆಮೇಲೆ ಜಡಿಗೇನಹಳ್ಳಿಗೆ ಮದುವೆಯಾಗಿ ಹೋದಳು. ಕೆಲವು ವರ್ಷಕ್ಕೆ ಗಂಡ ಇನ್ನೊಬ್ಬಳನ್ನು ತಂದ. ಪಾಪಮ್ಮ ಜಗಳವಾಡಲಿಲ್ಲ. ತವರಿನವರು ಕೊಟ್ಟಿದ್ದ ಎಮ್ಮೆಯ ಹಗ್ಗ ಹಿಡಿದು, ಅದನ್ನು ದಾರಿಯುದ್ದಕ್ಕೂ ಮೇಯಿಸುತ್ತ, ನಡೆದುಕೊಂಡೇ ವಾಪಸು ಬಂದಳು. ಸವತಿ ಕೆಟ್ಟವಳಾಗಿದ್ದಳೇ ಎಂದು ಕೇಳಿದವರಿಗೆ ಅವಳು ಇವತ್ತಿಗೂ ಹೇಳುವುದು ಒಂದೇ ಮಾತು: “ಕೆಟ್ಟೋಳಲ್ಲ. ನನಗಿಂತ ಚೆನ್ನಾಗಿದ್ಲು. ಅದಕ್ಕೇ ಬಂದ್ಬಿಟ್ಟೆ.” ಆ ಎಮ್ಮೆಯ ಹಾಲಿನಿಂದ ಶುರುಮಾಡಿ, ಅಣ್ಣನ ಮಕ್ಕಳನ್ನು ಓದಿಸಿ, ಮನೆಗೆ ಹೆಂಚು ಹಾಕಿಸಿದಳು. ಸುಳ್ಳು ಹೇಳಲು ಬಾರದವಳು ಎಂದು ಊರಲ್ಲಿ ಹೆಸರು. ಹಾಲಿಗೆ ನೀರು ಹಾಕಿದ ದಿನ ‘ಇವತ್ತು ನೀರು ಬಿದ್ದದೆ’ ಎಂದು ತಾನೇ ಹೇಳಿ ಅಳೆದು ಕೊಡುತ್ತಿದ್ದವಳು.

“ಅಜ್ಜಿ, ನಮ್ದು ಲಾರಿ ಮನೆ ಹೆಂಗಾಯ್ತು ಅಂತ ನಂಗೆ ಯಾಕೆ ಹೇಳ್ಲಿಲ್ಲ?”

“ನೀನು ಕೇಳಿದ್ದೆ ಯಾವಾಗ? ಲಾರಿ ಓನರ್ ಮೊಮ್ಮಗ ಅಂತ ಮೆರೀತಿದ್ದೆ. ಮೆರೀಲಿ, ನಮ್ದೇನು ಹೋಗ್ತದೆ ಅಂತ ಸುಮ್ನಿದ್ದೆ.”

ಅವನು ಕೂತು ಅವರೆಕಾಯಿಗೆ ಕೈ ಹಾಕಿದ. ಪಾಪಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸದೆಯೇ ಎಲ್ಲವನ್ನೂ ಹೇಳಿದಳು.

ಕೊಂಡಪ್ಪನೂ ಅಪ್ಪಯ್ಯಣ್ಣನೂ ಅಣ್ಣತಮ್ಮಂದಿರ ಮಕ್ಕಳು. ಹಿತ್ತಲ ಗಡಿಯ ಹುಣಸೆಮರ ಯಾರದೆಂದು ಇಬ್ಬರಿಗೂ ಮಾತು ಬಿಟ್ಟಿತ್ತು. ಆ ಹೊತ್ತಿಗೆ ಕೊಂಡಪ್ಪ ಬಾವುಟ ಹಿಡಿದು ಪೇಟೆಗೆ ಹೋಗಿ ಜೈಲು ಸೇರಿದ. ಊರೆಲ್ಲ ಕೊಂಡಪ್ಪ, ಕೊಂಡಪ್ಪ. ನೀರು ಸೇದಲು ಹೋದರೆ ಬಾವಿಕಟ್ಟೆಯಲ್ಲೂ ಅವನದೇ ಮಾತು.

“ನಮ್ಮಪ್ಪ ಮುದ್ದೆ ಮುಂದೆ ಕೂತ್ಕೊಂಡು ಹಂಗೇ ಎದ್ದೋಗ್ತಿತ್ತು. ಏನು ಅಂತ ನಮ್ಮವ್ವ ಕೇಳಿದ್ರೆ, ‘ಅವನೊಬ್ಬನೇ ಗಂಡಸಾ?’ ಅಂತಿತ್ತು. ಒಂದ್ ದಿನ ಬೆಳಿಗ್ಗೆ ಎದ್ದು ಪಂಚೆ ಉಟ್ಕೊಂಡು ಹೊರಟೇ ಹೋಯ್ತು. ಕಚೇರಿ ಮುಂದೆ ನಿಂತ್ಕೊಂಡು ಕೂಗ್ತಂತೆ. ಜೈಲಿಗೆ ಹಾಕ್ತಾರೆ ಅಂತ ಇದ್ದರೆ, ಲಾರಿಗೆ ಹಾಕಿದ್ರು.”

ಕುರುಚಲು ಕಾಡಿನಲ್ಲಿ ಇಳಿಸಿಹೋದ ಮೇಲೆ, ಕುರಿ ಕಾಯುವವರನ್ನು ದಾರಿ ಕೇಳಿಕೊಂಡು, ಹೊಲದ ಹಸಿ ಅಲಸಂದೆ ಕಾಯಿ ತಿಂದುಕೊಂಡು ಅಪ್ಪಯ್ಯಣ್ಣ ನಡೆದ. ಘಾಟಿ ಸುಬ್ರಹ್ಮಣ್ಯದ ಬೆಟ್ಟ ಕಂಡಾಗಲೇ ಅವನಿಗೆ ತಾನಿರುವುದು ಎಲ್ಲಿ ಎಂದು ಗೊತ್ತಾಗಿದ್ದು. ಮನೆಗೆ ಬಂದವನ ಅಂಗಾಲಿನಿಂದ ಪಾಪಮ್ಮ ಪಿನ್ನಿನಲ್ಲಿ ಮುಳ್ಳು ತೆಗೆದಳು. ಊರವರು ಬಂದು ಕೇಳಿದರು: “ಜೈಲಿಗೆ ಹೋಗಿದ್ದೇನಪ್ಪಾ?” “ಇಲ್ಲ, ಲಾರೀಲಿ...” ಎಂದು ಅವನು ಶುರುಮಾಡುವಷ್ಟರಲ್ಲಿ ನಗು. ಕಾಲು ಮಾಯುತ್ತಲೇ ಮತ್ತೆ ಹೋದ, ಮತ್ತೆ ಲಾರಿ. ಮೂರನೆಯ ಸಲ, ಈ ಬಾರಿ ಜೈಲಿಂದ ಏಳುವುದೇ ಇಲ್ಲವೆಂದು ಕಂಬಳಿ ಸುತ್ತಿಕೊಂಡು ಹೋದರೆ, ಕಚೇರಿ ಮುಂದೆ ಸಕ್ಕರೆ ಹಂಚುತ್ತಿದ್ದರು. ಅರಮನೆ ಒಪ್ಪಿತ್ತು, ಚಳವಳಿ ಮುಗಿದಿತ್ತು. ಕೈಗೆ ಒಂದು ಚಿಟಿಕೆ ಸಕ್ಕರೆ ಹಾಕಿ ಮನೆಗೆ ಹೋಗಪ್ಪಾ ಎಂದರು. ಅದೇ ದಿನ ಕೊಂಡಪ್ಪನನ್ನು ಬಿಟ್ಟಿದ್ದರು. ಅವನನ್ನು ಹಾರ ಹಾಕಿ, ಗಾಡಿಯಲ್ಲಿ ಕೂರಿಸಿಕೊಂಡು, ತಮಟೆ ಬಾರಿಸುತ್ತ ಊರಿಗೆ ಕರೆತಂದರು. ಊರಿಗೆ ಇದ್ದದ್ದು ಒಂದೇ ದಾರಿ. ಅಪ್ಪಯ್ಯಣ್ಣ ಕಂಬಳಿ ಹೊತ್ತುಕೊಂಡು, ಗಾಡಿಯ ದೂಳು ಕುಡಿಯುತ್ತ, ಹಿಂದೆ ಹಿಂದೆಯೇ ನಡೆದುಬಂದ.

ಇಷ್ಟು ಕೇಳುವಷ್ಟರಲ್ಲಿ ಕೆಂಪರಾಜು ಕಾಯಿ ಬಿಡಿಸುವುದನ್ನೇ ಮರೆತಿದ್ದ. ಆ ದೂಳು ಅವನಿಗೆ ಚೆನ್ನಾಗಿ ಗೊತ್ತು. ಅದನ್ನು ಅವನು ಪ್ರತಿ ನಿಶ್ಚಿತಾರ್ಥದಲ್ಲೂ ಕುಡಿದಿದ್ದಾನೆ.

“ನೀವೆಲ್ಲ ಏನ್ಮಾಡ್ತಿದ್ರಿ ಆವಾಗ?”

“ಏನ್ಮಾಡೋದು? ನಮ್ಮಣ್ಣ ಚಳಿಜ್ವರ ಬಂದು ಮಲಗಿದ್ದ. ನಮ್ಮವ್ವ ಕುಂಟೆ ಹಿಡ್ಕೊಂಡ್ರೆ ನಾನು ಎತ್ತು ಹೊಡ್ಕೊಂಡೋಗ್ತಿದ್ದೆ. ನಂಗೆ ಮಾತ್ರ ನಮ್ಮಪ್ಪನ ಮೇಲೆ ಹೊಟ್ಟೆ ಉರಿ.”

“ಕೆಲಸ ಬಿಟ್ಟು ಹೋದ ಅಂತಲಾ?”

“ಅಲ್ಲ ಕಣೋ. ಲಾರಿ ಹತ್ತಿದ ಅಂತ! ನಾವು ಗಾಡಿ ಬಿಟ್ರೆ ಇನ್ನೇನ್ ಕಂಡಿದ್ವಿ? ಮುಳ್ಳು ತೆಗೀತಾ ಕೇಳಿದೆ, ಅಪ್ಪಾ ಲಾರಿ ಹೆಂಗಿರ್ತದೆ ಅಂತ. ‘ಮುಖಕ್ಕೆ ಗಾಳಿ ಹೊಡೀತದೆ ಮಗಾ’ ಅಂತು. ಅಷ್ಟೇ. ಇನ್ನೇನೂ ಹೇಳ್ಲಿಲ್ಲ. ಎಷ್ಟ್ ವರ್ಷ ಆದ್ಮೇಲೆ ನಾನು ಬಸ್ ಹತ್ತಿದ್ದು! ಕಿಟಕಿ ಪಕ್ಕ ಕೂತ್ಕೊಂಡು ಗಾಳಿ ಹೊಡೆಸ್ಕೊಂಡೆ, ತಲೆ ತಿರುಗಿ ವಾಂತಿ ಆಯ್ತು.”

ಕೆಂಪರಾಜು ತನ್ನ ಲೆಕ್ಕಾಚಾರ ಹೇಳಿದ. ನಿಶ್ಚಿತಾರ್ಥದ ದಿನ ಸಾಹೇಬರನ್ನು ಕರೆಸುತ್ತೇನೆ, ಅವರು ಲಾರಿಯ ವಿಷಯ ಹೇಳುತ್ತಾರೆ; ನೀನು ಕಣ್ಣಾರೆ ಕಂಡವಳು, ನೀನೂ ಹೇಳು; ನಮಗೂ ಹೆಸರು ಕೂಗಿ ವೀಳ್ಯ ಕೊಡಲಿ. ಪಾಪಮ್ಮ ಆಗಲಿ ಎಂದಳು. ಅವನು ದನಿ ತಗ್ಗಿಸಿ ಹೇಳಿದ:

“ಆದ್ರೆ ಅಜ್ಜಿ, ಆ ಹೊಟ್ಟೆಕಿಚ್ಚಿನ ಭಾಗ ಇದೆಯಲ್ಲ, ಅದನ್ನ ಬಿಟ್ಬಿಡು. ಅವನೊಬ್ಬನೇ ಗಂಡಸಾ ಅಂದಿದ್ದು, ಮುದ್ದೆ ಬಿಟ್ಟಿದ್ದು, ಅವೆಲ್ಲ ಬೇಡ. ದೇಶಕ್ಕೋಸ್ಕರ ಹೋದ ಅಂತ್ಲೇ ಇರ್ಲಿ.”

“ಯಾರಾದ್ರೂ ಕೇಳಿದ್ರೆ ಹೇಳ್ತೀನಿ, ಕೇಳ್ದಿದ್ರೆ ಇಲ್ಲ” ಎಂದಳು ಪಾಪಮ್ಮ.

ಯಾರೂ ಕೇಳಲಾರರು ಎಂದು ಕೆಂಪರಾಜು ಧೈರ್ಯ ಹೇಳಿಕೊಂಡ. ಎಲೆಯನ್ನು ಮಾತ್ರ ಒಂದೊಂದಾಗಿ ಹಿಡಿದು ನೋಡಿ, ತೂತಿಲ್ಲದ್ದು, ಕಲೆಯಿಲ್ಲದ್ದು, ಎರಡು ಮನೆಗೆ ಆಗುವಷ್ಟು ಆರಿಸಿ ತಂದ.

ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಹೊಸಕೋಟೆಯಿಂದ ವ್ಯಾನು ಮಾಡಿಕೊಂಡು ಬಂದರು. ಯಜಮಾನ ಮುನಿಶಾಮಣ್ಣ ಚಾಪೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತ. ದೇವರ ವೀಳ್ಯ ಆಯಿತು. ಗೌಡರ ವೀಳ್ಯ ಆಯಿತು. “ಚಳವಳಿ ಮನೇಗೆ ವೀಳ್ಯ” ಎಂದಾಗ ನವೀನ್‌ಕುಮಾರ್ ಎಂದಿನಂತೆ ನಿಧಾನವಾಗಿ ಎದ್ದು ಹೋಗಿ ತಗೊಂಡ. ಅವನು ಕೂರುವ ಮೊದಲೇ ಕೆಂಪರಾಜು ಎದ್ದು ನಿಂತ.

“ಯಜಮಾನ್ರೇ, ಇನ್ನೊಂದು ಚಳವಳಿ ಮನೆ ಐತೆ ಈ ಊರಲ್ಲಿ. ಲಾರಿ ಮನೆ.”

ಚಪ್ಪರದಲ್ಲಿ ಗುಜುಗುಜು. ಸಿಂಚನ ಅಣ್ಣನನ್ನು ಸುಟ್ಟುಬಿಡುವಂತೆ ನೋಡಿದಳು. ಅವರಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡ. ಆದರೆ ಇಸ್ಹಾಕ್ ಸಾಹೇಬರು ಎದ್ದು, ಇದ್ದಿಲು ಲಾರಿಯಿಂದ ಹಿಡಿದು ‘ಇವತ್ತಾದ್ರೂ ಜೈಲಿಗೆ ಬಿಡ್ತೀರಾ’ ಎಂಬವರೆಗೆ ಸೊಗಸಾಗಿ ಹೇಳಿದಾಗ ಗಂಡಿನ ಕಡೆಯವರೇ ಮೊದಲು ಚಪ್ಪಾಳೆ ತಟ್ಟಿದರು. ಕಾಡು, ಮುಳ್ಳು, ಕಂಬಳಿಯನ್ನು ಪಾಪಮ್ಮ ಹೇಳಿದಳು. ಯಾರೂ ಕೇಳದ್ದನ್ನು ಹೇಳಲಿಲ್ಲ. ಗಂಡಿನ ಸೋದರಮಾವ, “ಜೈಲಲ್ಲಾದ್ರೂ ಹೊತ್ತಿಗೆ ಮುದ್ದೆ ಹಾಕ್ತಾರೆ. ಕಾಡಿಂದ ನಡ್ಕೊಂಡು ಬರೋದು ಹುಡುಗಾಟನಾ ಗುರು?” ಎಂದ. ಮುದುಕರು ತಲೆದೂಗಿದರು.

ಕೆಂಪರಾಜು ನವೀನ್‌ಕುಮಾರನ ಮುಖ ನೋಡಿದ. ಕೈಯಲ್ಲಿ ವೀಳ್ಯವಿದ್ದರೂ ಅವನ ಮುಖ ಬಿಗಿದಿತ್ತು, ತುಟಿಯ ತುದಿ ಕೆಳಗೆ ಜಗ್ಗಿತ್ತು. ಆ ಮುಖ ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು. ಆಗಸ್ಟ್ ಹದಿನೈದರಂದು ಕಷಾಯ ಕುಡಿಯುವಾಗ ಕನ್ನಡಿಯಲ್ಲಿ ನೋಡಿದ್ದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ದಾಯಾದಿಯ ಮೇಲೆ ಸ್ವಲ್ಪ ಪ್ರೀತಿಯೇ ಬಂತು.

ಮುನಿಶಾಮಣ್ಣ ಎರಡು ಎಲೆ ತೆಗೆದು ಅಡಿಕೆ ಇಟ್ಟ. ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ.

“ಒಂದ್ ನಿಮಿಷ ಯಜಮಾನ್ರೇ” ಎಂದ ನವೀನ್‌ಕುಮಾರ್. “ಪಾಪಜ್ಜಿ, ಬೇಜಾರ್ ಮಾಡ್ಕೋಬೇಡ, ನೀನು ಸುಳ್ಳು ಹೇಳಲ್ಲ ಅಂತ ಎಲ್ರಿಗೂ ಗೊತ್ತು. ಅದಕ್ಕೇ ಕೇಳ್ತೀನಿ. ನಿಮ್ಮಪ್ಪ ಜನರ ಸರ್ಕಾರ ಬರ್ಲಿ ಅಂತ ಹೋಗಿದ್ನಾ, ಇಲ್ಲಾ ನಮ್ಮನೇಲಿ ಹೇಳೋ ಹಂಗೆ ನಮ್ ತಾತನ ಮೇಲಿನ ಹೊಟ್ಟೆಕಿಚ್ಚಿಗೆ ಹೋಗಿದ್ನಾ?”

ಮುನಿಶಾಮಣ್ಣನ ಕೈಯಲ್ಲಿ ಎಲೆ ಹಾಗೆಯೇ ನಿಂತಿತು. ಕೆಂಪರಾಜು ಅಜ್ಜಿಯ ಕಡೆ ನೋಡಲಾರದೆ ಶಾಮಿಯಾನದ ಜಾಲರಿ ನೋಡತೊಡಗಿದ.

ಪಾಪಮ್ಮ ಸೆರಗಿಗೆ ಕೈ ಒರೆಸಿಕೊಂಡು ಯಜಮಾನನ ಕಡೆಗೆ ಚಾಚಿದಳು.

“ಹೊಟ್ಟೆಕಿಚ್ಚಿಗೇ ಹೋಗಿದ್ದು. ಲಾರಿಗೆ ತುಂಬಿದ ಪೊಲೀಸ್ನೋನೇ ಅದನ್ನ ಕೇಳ್ಲಿಲ್ಲ, ನಿಂಗ್ಯಾಕೋ? ಏನಪ್ಪಾ ಮುನಿಶಾಮಿ, ಎಲೆ ಬಾಡ್ತದೆ. ಕೂಗು ನಮ್ಮಪ್ಪನ ಹೆಸರ್ನ, ಕೊಡು ಇತ್ಲಾಗೆ.”